ಉಮೇದುವಾರನನ್ನು ಆರಿಸುವವರು ಯಾರು?

ಎತ್ತು ಕೊಳ್ಳಲು ಜಾತ್ರೆಗೆ ಹೋದ ರೈತನು ಅದರ ಹಲ್ಲು ನೋಡುತ್ತಾನೆ, ಸುಳಿ ನೋಡುತ್ತಾನೆ, ನಾಲ್ಕು ಹೆಜ್ಜೆ ನಡೆಸಿ ನೋಡುತ್ತಾನೆ. ಮನಸ್ಸಿಗೆ ಒಪ್ಪಿದ ಮೇಲೆ ಮಾತ್ರ ವಲ್ಲಿಯ ಮರೆಯಲ್ಲಿ ಬೆರಳು ಹಿಡಿದು ಬೆಲೆಯ ಮಾತಿಗೆ ಇಳಿಯುತ್ತಾನೆ. ಇಷ್ಟು ಎಚ್ಚರವುಳ್ಳ ಮನುಷ್ಯನೇ ಐದು ವರ್ಷಗಳ ಕಾಲ ತನ್ನ ಪರವಾಗಿ ಶಾಸನಸಭೆಯಲ್ಲಿ ಕುಳಿತುಕೊಳ್ಳಬೇಕಾದವನನ್ನು ಆರಿಸುವಾಗ ಎಚ್ಚರ ತಪ್ಪುತ್ತಾನೆಂದು ಪಟ್ಟಣದ ವಿದ್ಯಾವಂತರು ಆಗಾಗ ದೂರುವುದುಂಟು. ಜಾತಿಗೆ ಮರುಳಾದ, ಹಣಕ್ಕೆ ಮಾರಿಕೊಂಡ ಎಂಬ ಮಾತುಗಳು ಚುನಾವಣೆ ಮುಗಿದ ಮರುದಿನವೇ ಕೇಳಿಬರುತ್ತವೆ. ಆದರೆ ಈ ದೂರನ್ನು ಒಪ್ಪುವ ಮೊದಲು ಕೇಳಬೇಕಾದ ಪ್ರಶ್ನೆಯೊಂದಿದೆ. ಜಾತ್ರೆಗೆ ಹೋದ ರೈತನ ಮುಂದೆ ಇಡೀ ಜಾತ್ರೆಯೇ ಇರುತ್ತದೆ. ಮತದಾರನ ಮುಂದಾದರೋ ಬೇರೆ ಯಾರೋ ಎಲ್ಲಿಯೋ ಆರಿಸಿ ತಂದು ಕಟ್ಟಿದ ಎರಡೋ ಮೂರೋ ಮಾತ್ರ. ಹೀಗಿರುವಲ್ಲಿ ಅವನ ಪರೀಕ್ಷೆಗೆ ಉಳಿದ ಅವಕಾಶವೆಷ್ಟು?

ಚುನಾವಣೆಯೆಂದು ನಾವು ಕರೆಯುವುದು ವಾಸ್ತವವಾಗಿ ಒಂದಲ್ಲ, ಎರಡು. ಪಕ್ಷದ ಟಿಕೆಟ್ಟು ಯಾರಿಗೆ ಎಂಬುದು ಮೊದಲನೆಯದು. ಟಿಕೆಟ್ಟು ಪಡೆದವರಲ್ಲಿ ಮತ ಯಾರಿಗೆ ಎಂಬುದು ಎರಡನೆಯದು. ಎರಡನೆಯದಕ್ಕೆ ಗುಪ್ತ ಮತದಾನವುಂಟು, ಎಣಿಕೆಯುಂಟು, ಆಯೋಗವುಂಟು, ತಕರಾರು ಬಂದರೆ ನ್ಯಾಯಾಲಯವುಂಟು. ಮೊದಲನೆಯದಕ್ಕೆ ಇವು ಯಾವುವೂ ಇಲ್ಲ. ಮೊದಲನೆಯದರಲ್ಲಿ ಹತ್ತು ಜನ ಉಮೇದುವಾರರಲ್ಲಿ ಒಂಬತ್ತು ಮಂದಿ ಅಳಿಸಿಹೋಗುತ್ತಾರೆ. ಆ ಒಂಬತ್ತು ಮಂದಿಯನ್ನು ಹತ್ತಿರದಿಂದ ಬಲ್ಲ ಊರಿನ ಜನಕ್ಕೆ ಅಲ್ಲಿ ಮಾತಿಲ್ಲ.

ಈ ವಿಷಯವನ್ನು ಅರಿಯಲು ಶಿವಮೊಗ್ಗ ಜಿಲ್ಲೆಯ ಎರಡು ನೆರೆಯ ತಾಲ್ಲೂಕುಗಳಿಗಿಂತ ಉತ್ತಮವಾದ ಕ್ಷೇತ್ರ ದೊರೆಯಲಾರದು. ಕುಮುದ್ವತಿಯ ಬದಿಯ ಶಿಕಾರಿಪುರ ಮತ್ತು ದಂಡಾವತಿಯ ಬದಿಯ ಸೊರಬ, ಇವೆರಡೂ ನಾಡಿಗೆ ಒಬ್ಬೊಬ್ಬ ಮುಖ್ಯಮಂತ್ರಿಯನ್ನು ಕೊಟ್ಟವು. ಸೊರಬದಿಂದ ೧೯೬೭ರಲ್ಲಿ ಮೊದಲ ಬಾರಿಗೆ ಗೆದ್ದ ಎಸ್. ಬಂಗಾರಪ್ಪನವರು ೧೯೯೪ರವರೆಗೆ ಅಲ್ಲಿ ಸೋಲನ್ನೇ ಕಾಣಲಿಲ್ಲ. ಅನಂತರ ಕ್ಷೇತ್ರವು ಅವರ ಮಕ್ಕಳಾದ ಕುಮಾರ ಬಂಗಾರಪ್ಪ ಮತ್ತು ಮಧು ಬಂಗಾರಪ್ಪನವರ ನಡುವೆ ಕೈಯಿಂದ ಕೈಗೆ ಸಾಗಿತು. ೧೯೬೭ರಿಂದ ೨೦೨೩ರವರೆಗೆ ನಡೆದ ೧೩ ಸಾರ್ವತ್ರಿಕ ಚುನಾವಣೆಗಳಲ್ಲಿ ೧೨ನ್ನು ಆ ಮನೆಯವರೇ ಗೆದ್ದರು. ೨೦೦೮ರಲ್ಲಿ ಮಾತ್ರ ಅಣ್ಣತಮ್ಮಂದಿರಿಬ್ಬರನ್ನೂ ಸೋಲಿಸಿ ಹರತಾಳು ಹಾಲಪ್ಪನವರು ಬಂದರು. ಶಿಕಾರಿಪುರದ ಲೆಕ್ಕವೂ ಇದನ್ನೇ ಹೋಲುತ್ತದೆ. ೧೯೮೩ರಿಂದ ೨೦೨೩ರವರೆಗಿನ ೧೦ ಸಾರ್ವತ್ರಿಕ ಚುನಾವಣೆಗಳಲ್ಲಿ ೯ನ್ನು ಬಿ. ಎಸ್. ಯಡಿಯೂರಪ್ಪನವರು ಅಥವಾ ಅವರ ಪುತ್ರರು ಗೆದ್ದಿದ್ದಾರೆ. ೧೯೯೯ರಲ್ಲಿ ಬಿ. ಎನ್. ಮಹಾಲಿಂಗಪ್ಪನವರು ಗೆದ್ದುದೊಂದೇ ಅಪವಾದ.

ಈ ಅಂಕಿಗಳನ್ನು ಕಂಡು ಇಲ್ಲಿನ ಜನ ಮನೆತನಕ್ಕೆ ಶರಣಾದವರು ಎಂದು ತೀರ್ಮಾನಿಸುವುದು ಸುಲಭ, ಆದರೆ ಅದು ಅರ್ಧ ಸತ್ಯ. ತಂದೆಯರು ಯಾರು ತಂದು ನಿಲ್ಲಿಸಿದವರು? ಬಂಗಾರಪ್ಪನವರು ಕುಬಟೂರಿನವರು, ಕಾನೂನು ಓದಿದವರು, ಸಮಾಜವಾದಿ ಚಳವಳಿಯೊಳಗಿಂದ ಬಂದವರು; ೧೯೬೭ರಲ್ಲಿ ಅವರ ಬೆನ್ನಿಗೆ ಅಧಿಕಾರದಲ್ಲಿದ್ದ ಪಕ್ಷವಿರಲಿಲ್ಲ. ಯಡಿಯೂರಪ್ಪನವರಾದರೋ ಮಂಡ್ಯದ ಕಡೆಯಿಂದ ಶಿಕಾರಿಪುರಕ್ಕೆ ಬಂದು ಅಕ್ಕಿಯ ಗಿರಣಿಯಲ್ಲಿ ಗುಮಾಸ್ತೆಯಾಗಿದ್ದವರು. ೧೯೭೫ರಲ್ಲಿ ಪುರಸಭೆಯ ಸದಸ್ಯರಾಗಿ, ಎಂಟು ವರ್ಷಗಳ ಬಳಿಕ ಶಾಸನಸಭೆಯನ್ನು ಹೊಕ್ಕವರು. ಇವರಿಬ್ಬರನ್ನೂ ಜನ ಮೊದಲು ಕಂಡಿದ್ದು ಚಳವಳಿಯಲ್ಲಿ, ಕಚೇರಿಯ ಮುಂದಿನ ಧರಣಿಯಲ್ಲಿ, ಪುರಸಭೆಯ ಜಗಳದಲ್ಲಿ. ಎದುರಿಗೆ ನಿಂತು ಮಾತನಾಡಿಸಿ, ಬೈದು, ಕೆಲಸ ಹೇಳಿ, ಮಾಡಿದ್ದನ್ನೂ ಮಾಡದಿದ್ದುದನ್ನೂ ನೋಡಿ, ಆಮೇಲೆ ಒಪ್ಪಿಕೊಂಡರು. ಆ ಒಪ್ಪಿಗೆಯು ಪಕ್ಷದ ಚಿಹ್ನೆಗಿಂತ ಗಟ್ಟಿಯಾದುದೆಂಬುದಕ್ಕೆ ಸಾಕ್ಷಿ ಬೇಕಾದರೆ ಮುಂದಿನ ಇತಿಹಾಸವನ್ನು ನೋಡಬಹುದು. ಬಂಗಾರಪ್ಪನವರು ಪಕ್ಷಗಳನ್ನು ಬಿಟ್ಟರು, ಕಟ್ಟಿದರು, ಮತ್ತೆ ಸೇರಿದರು. ಸೊರಬವು ಅವರನ್ನು ಬಿಡಲಿಲ್ಲ. ಯಡಿಯೂರಪ್ಪನವರು ೨೦೧೩ರಲ್ಲಿ ತಮ್ಮ ಹಳೆಯ ಪಕ್ಷವನ್ನೇ ಎದುರಿಸಿ ಹೊಸ ಪಕ್ಷದಿಂದ ನಿಂತಾಗಲೂ ಶಿಕಾರಿಪುರ ಅವರನ್ನೇ ಗೆಲ್ಲಿಸಿತು.

ಆದುದರಿಂದ ಈ ತಾಲ್ಲೂಕುಗಳ ಜನಕ್ಕೆ ಮನುಷ್ಯನನ್ನು ಪರೀಕ್ಷಿಸುವ ಶಕ್ತಿಯಿಲ್ಲವೆನ್ನಲು ಬಾರದು. ಅವರು ಹೆಸರಿಲ್ಲದವರನ್ನು ಕಂಡು, ಅಳೆದು, ಹೆಸರುಳ್ಳವರನ್ನಾಗಿ ಮಾಡಿದರು. ಇಂದಿನ ಪ್ರಶ್ನೆ ಬೇರೆಯದು. ೧೯೭೫ರ ಆ ಗುಮಾಸ್ತೆಯಂತಹವನೊಬ್ಬನು, ಆ ಸಮಾಜವಾದಿ ತರುಣನಂತಹವನೊಬ್ಬನು ಇಂದು ಈ ಎರಡು ತಾಲ್ಲೂಕುಗಳಲ್ಲಿ ಎಲ್ಲಿಯಾದರೂ ಇದ್ದರೆ, ಯಾವ ಬಾಗಿಲಿನಿಂದ ಅವನು ಒಳಕ್ಕೆ ಬರಬೇಕು?

೨೦೨೨ರ ಜುಲೈ ತಿಂಗಳಿನಲ್ಲಿ ಯಡಿಯೂರಪ್ಪನವರು ಶಿಕಾರಿಪುರ ತಾಲ್ಲೂಕಿನಲ್ಲಿ ನಡೆದ ಸಮಾರಂಭದಲ್ಲಿ, ತಾವು ಮುಂದೆ ನಿಲ್ಲುವುದಿಲ್ಲವೆಂದೂ ತಮ್ಮ ಸ್ಥಾನದಲ್ಲಿ ಪುತ್ರ ಬಿ. ವೈ. ವಿಜಯೇಂದ್ರರು ನಿಲ್ಲುವರೆಂದೂ ಸಾರಿದರು. ಅಂತಿಮ ತೀರ್ಮಾನ ವರಿಷ್ಠರದೆಂಬ ವಿವರಣೆ ಆಮೇಲೆ ಬಂದಿತು. ಮನೆಯ ಯಜಮಾನನೋ ವರಿಷ್ಠರೋ ಎಂಬುದಷ್ಟೇ ಅಲ್ಲಿದ್ದ ಚರ್ಚೆ. ಶಿಕಾರಿಪುರದಲ್ಲಿ ಆ ಪಕ್ಷದ ಬಾವುಟ ಹೊತ್ತು ತಿರುಗಿದ ಸಾಮಾನ್ಯ ಕಾರ್ಯಕರ್ತನು ಎರಡು ಪಕ್ಕಗಳಲ್ಲಿಯೂ ಇರಲಿಲ್ಲ. ಎದುರು ಪಕ್ಷದ ಕಥೆ ಇದಕ್ಕಿಂತ ಉತ್ತಮವಾಗಿರಲಿಲ್ಲ. ೨೦೨೩ರಲ್ಲಿ ಕಾಂಗ್ರೆಸ್ಸು ಟಿಕೆಟ್ಟನ್ನು ಜಿ. ಬಿ. ಮಾಲತೇಶರಿಗೆ ಕೊಟ್ಟಿತು; ಟಿಕೆಟ್ಟು ಕೈತಪ್ಪಿದ ಎಸ್. ಪಿ. ನಾಗರಾಜಗೌಡರು ಪಕ್ಷೇತರರಾಗಿ ನಿಂತರು. ಫಲಿತಾಂಶ ಬಂದಾಗ ವಿಜಯೇಂದ್ರರು ಹನ್ನೊಂದು ಸಾವಿರ ಮತಗಳ ಅಂತರದಿಂದ ಗೆದ್ದಿದ್ದರು. ಎರಡನೆಯ ಸ್ಥಾನದಲ್ಲಿ ೭೦ ಸಾವಿರಕ್ಕೂ ಮಿಕ್ಕ ಮತ ಪಡೆದು ನಿಂತವರು ಪಕ್ಷೇತರ ನಾಗರಾಜಗೌಡರು. ಪಕ್ಷದ ಅಧಿಕೃತ ಅಭ್ಯರ್ಥಿಗೆ ಬಿದ್ದುದು ಸುಮಾರು ಎಂಟು ಸಾವಿರ.

ಈ ಎರಡು ಸಂಖ್ಯೆಗಳನ್ನು ಸ್ವಲ್ಪ ನಿಧಾನವಾಗಿ ಓದಬೇಕು. ಕಾನೂನಿನ ಪ್ರಕಾರ ಮಾನ್ಯತೆ ಪಡೆದ ಪಕ್ಷದ ಅಭ್ಯರ್ಥಿಗೆ ಒಬ್ಬ ಸೂಚಕನ ರುಜು ಸಾಕು. ಪಕ್ಷೇತರನಿಗೆ ಹತ್ತು ಮತದಾರರ ರುಜು ಬೇಕು. ಒಂದು ರುಜುವಿನವನಿಗೆ ಎಂಟು ಸಾವಿರ, ಹತ್ತು ರುಜುವಿನವನಿಗೆ ಎಪ್ಪತ್ತು ಸಾವಿರ! ಒಳಗೆ ಕೇಳದೆ ಹೋದ ಮಾತನ್ನು ಜನ ಹೊರಗೆ ನಿಂತು ಕೂಗಿ ಹೇಳಿದರು. ನಾಗರಾಜಗೌಡರು ಮಾಲತೇಶರಿಗಿಂತ ಯೋಗ್ಯರೋ ಅಲ್ಲವೋ ಎಂಬುದು ನಮ್ಮ ವಿಚಾರವಲ್ಲ. ಆ ಪಕ್ಷವು ಟಿಕೆಟ್ಟು ಕೊಡುವ ಮೊದಲು ತಾಲ್ಲೂಕಿನ ತನ್ನ ಸದಸ್ಯರನ್ನೆಲ್ಲ ಒಂದು ಕಡೆ ಸೇರಿಸಿ, ಉಮೇದುವಾರರನ್ನು ಅವರೆದುರು ನಿಲ್ಲಿಸಿ, ಗುಪ್ತವಾಗಿ ಮತ ಪಡೆದಿದ್ದರೆ ಈ ಸತ್ಯವು ಎಣಿಕೆಯ ದಿನದವರೆಗೆ ಕಾಯಬೇಕಾಗಿರಲಿಲ್ಲ ಎಂಬುದಷ್ಟೇ ಇಲ್ಲಿ ಹೇಳಬೇಕಾದ ಮಾತು. ಅದೇ ವರ್ಷ ಸೊರಬದಲ್ಲಿ ಕಾಂಗ್ರೆಸ್ಸಿನ ಮಧು ಬಂಗಾರಪ್ಪನವರು ಭಾರತೀಯ ಜನತಾ ಪಕ್ಷದಿಂದ ನಿಂತ ಅಣ್ಣನನ್ನು ೪೪ ಸಾವಿರಕ್ಕೂ ಮಿಕ್ಕ ಮತಗಳಿಂದ ಸೋಲಿಸಿದರು. ಎರಡು ಪ್ರಬಲ ಪಕ್ಷಗಳು, ಒಂದೇ ಮನೆಯ ಇಬ್ಬರು ಹುರಿಯಾಳುಗಳು. ಸೊರಬದ ಮತದಾರನಿಗೆ ಪಕ್ಷವನ್ನು ಬದಲಾಯಿಸುವ ಸ್ವಾತಂತ್ರ್ಯವಿತ್ತು. ಮನೆಯನ್ನು ಬದಲಾಯಿಸುವ ಸುಲಭದ ದಾರಿ ಇರಲಿಲ್ಲ.

ನಮ್ಮ ಹಳೆಯ ಕಥೆಗಳಲ್ಲಿ ದೊರೆಗೆ ಮಕ್ಕಳಿಲ್ಲದೆ ಹೋದಾಗ ಪಟ್ಟದಾನೆಯ ಸೊಂಡಿಲಿಗೆ ಹೂವಿನ ಮಾಲೆ ಕೊಟ್ಟು ಊರೊಳಗೆ ಬಿಡುತ್ತಿದ್ದರಂತೆ. ಆನೆ ಯಾರ ಕೊರಳಿಗೆ ಮಾಲೆ ಹಾಕಿದರೆ ಅವನೇ ದೊರೆ. ಅದರಲ್ಲಿ ಪ್ರಜೆಗಳ ಒಪ್ಪಿಗೆ ಇರಲಿಲ್ಲವಾದರೂ, ಆನೆಯು ಕನಿಷ್ಠ ಪಕ್ಷ ಊರಿನ ಬೀದಿಗಳಲ್ಲಿ ನಡೆಯುತ್ತಿತ್ತು; ಬೀದಿಯ ಬಡವನ ಕೊರಳಿಗೂ ಮಾಲೆ ಬೀಳುವ ಸಂಭವವಿತ್ತು. ಇಂದಿನ ಪಟ್ಟದಾನೆ ಬೆಂಗಳೂರಿನಿಂದ ದೆಹಲಿಗೂ ದೆಹಲಿಯಿಂದ ಬೆಂಗಳೂರಿಗೂ ನಡೆಯುತ್ತದೆ. ಶಿರಾಳಕೊಪ್ಪದ ಸಂತೆಬೀದಿಗೂ ಆನವಟ್ಟಿಯ ಬಸ್ ನಿಲ್ದಾಣಕ್ಕೂ ಅದು ಬರುವುದಿಲ್ಲ.

ಈ ಸ್ಥಿತಿಗೆ ಕಾನೂನು ಅಡ್ಡ ಬರುವುದಿಲ್ಲವೇ ಎಂದರೆ, ಬಹುಮಟ್ಟಿಗೆ ಇಲ್ಲ. ೧೯೫೧ರ ಪ್ರಜಾಪ್ರತಿನಿಧಿ ಕಾನೂನಿನ ಪ್ರಕಾರ ಪಕ್ಷಗಳು ನೋಂದಣಿಯಾಗಬೇಕು. ಅಭ್ಯರ್ಥಿಯನ್ನು ಸದಸ್ಯರ ಮತದಿಂದ ಆರಿಸಬೇಕೆಂಬ ವಿಧಿ ಅದರಲ್ಲಿಲ್ಲ. ಪಕ್ಷದ ಅಧಿಕೃತ ವ್ಯಕ್ತಿಯೊಬ್ಬರು ರುಜು ಹಾಕಿದ ಬಿ ಫಾರಂ ಸಕಾಲದಲ್ಲಿ ಚುನಾವಣಾಧಿಕಾರಿಯ ಕೈಸೇರಿದರೆ ಆಯಿತು; ಆ ಹೆಸರು ಹೇಗೆ ಬಂತೆಂದು ಯಾರೂ ಕೇಳುವುದಿಲ್ಲ. ನ್ಯಾಯಾಲಯಗಳು ಒಂದೆರಡು ಕಿಟಕಿಗಳನ್ನು ತೆರೆದಿರುವುದು ನಿಜ. ೨೦೦೨ ಮತ್ತು ೨೦೦೩ರ ಸುಪ್ರೀಂ ಕೋರ್ಟಿನ ತೀರ್ಪುಗಳಿಂದಾಗಿ ಅಭ್ಯರ್ಥಿಯು ತನ್ನ ಆಸ್ತಿ, ಸಾಲ, ವಿದ್ಯಾಭ್ಯಾಸ ಮತ್ತು ಕ್ರಿಮಿನಲ್ ಮೊಕದ್ದಮೆಗಳನ್ನು ಪ್ರಮಾಣಪತ್ರದಲ್ಲಿ ತಿಳಿಸಲೇಬೇಕಾಗಿದೆ. ೨೦೨೦ರ ಫೆಬ್ರವರಿಯಲ್ಲಿ ಅದೇ ನ್ಯಾಯಾಲಯವು, ಮೊಕದ್ದಮೆಗಳುಳ್ಳವನನ್ನು ಪಕ್ಷವು ಆರಿಸಿದರೆ ಕಾರಣವನ್ನು ಪತ್ರಿಕೆಯಲ್ಲಿ ಪ್ರಕಟಿಸಬೇಕೆಂದೂ, ‘ಗೆಲ್ಲುವ ಶಕ್ತಿಯುಳ್ಳವನು’ ಎಂಬುದೊಂದೇ ಕಾರಣವಾಗಲಾರದೆಂದೂ ವಿಧಿಸಿತು. ಮೊಕದ್ದಮೆಯುಳ್ಳವನನ್ನು ಆರಿಸಿದ್ದಕ್ಕೆ ಪಕ್ಷವು ಕಾರಣ ಹೇಳಬೇಕು. ನಿಷ್ಕಳಂಕನಾದ ಹಳೆಯ ಕಾರ್ಯಕರ್ತನನ್ನು ಬಿಟ್ಟಿದ್ದಕ್ಕೆ ಮಾತ್ರ ಯಾರಿಗೂ ಕಾರಣ ಹೇಳಬೇಕಾಗಿಲ್ಲ!

ಪಕ್ಷಗಳು ತಾವಾಗಿ ಪ್ರಯತ್ನವನ್ನೇ ಮಾಡಲಿಲ್ಲವೆಂದರೆ ಅನ್ಯಾಯವಾದೀತು. ೨೦೧೪ರ ಲೋಕಸಭಾ ಚುನಾವಣೆಗೆ ಮುನ್ನ ಕಾಂಗ್ರೆಸ್ಸು ದೇಶದ ಕೆಲವು ಕ್ಷೇತ್ರಗಳಲ್ಲಿ ತನ್ನ ಕಾರ್ಯಕರ್ತರಿಂದಲೇ ಅಭ್ಯರ್ಥಿಯನ್ನು ಆರಿಸುವ ಪ್ರಯೋಗ ಮಾಡಿತು. ಕರ್ನಾಟಕದಲ್ಲಿ ಬೆಂಗಳೂರು ಉತ್ತರ ಮತ್ತು ದಕ್ಷಿಣ ಕನ್ನಡ ಕ್ಷೇತ್ರಗಳು ಅದಕ್ಕೆ ಸೇರಿದ್ದವು. ಒಳಚುನಾವಣೆಯಲ್ಲಿ ಗೆದ್ದ ಸಿ. ನಾರಾಯಣಸ್ವಾಮಿ ಮತ್ತು ಬಿ. ಜನಾರ್ದನ ಪೂಜಾರಿಯವರು ಹೊರಚುನಾವಣೆಯಲ್ಲಿ ಸೋತರು. ಪ್ರಯೋಗವೂ ಅಲ್ಲಿಗೇ ನಿಂತಿತು. ಭಾರತೀಯ ಜನತಾ ಪಕ್ಷವು ೨೦೨೩ರ ಮಾರ್ಚಿಯ ಕೊನೆಯಲ್ಲಿ ಜಿಲ್ಲೆ ಜಿಲ್ಲೆಗಳಲ್ಲಿ ತನ್ನ ಪದಾಧಿಕಾರಿಗಳಿಂದ ಗುಪ್ತವಾಗಿ ಹೆಸರುಗಳನ್ನು ಪಡೆಯಿತು; ಆದರೆ ಅದು ಅಭಿಪ್ರಾಯ ಸಂಗ್ರಹವೇ ಹೊರತು ತೀರ್ಪಲ್ಲ. ಕಾಂಗ್ರೆಸ್ಸು ಅದೇ ಚುನಾವಣೆಗೆ ಅರ್ಜಿಗಳನ್ನು ಕರೆದು, ಅರ್ಜಿಯ ಜೊತೆಗೆ ಸಾಮಾನ್ಯ ವರ್ಗದವರಿಂದ ಎರಡು ಲಕ್ಷ, ಪರಿಶಿಷ್ಟರಿಂದ ಒಂದು ಲಕ್ಷ ರೂಪಾಯಿಗಳನ್ನು ಪಡೆಯಿತು. ಇದೇ ಶಿವಮೊಗ್ಗ ಜಿಲ್ಲೆಯಲ್ಲಿ ೧೯೫೨ರಲ್ಲಿ ಕೈಯಲ್ಲಿ ಕಾಸಿಲ್ಲದ ಶಾಂತವೇರಿ ಗೋಪಾಲಗೌಡರು ಜನರಿಂದಲೇ ಓಟನ್ನೂ ನೋಟನ್ನೂ ಬೇಡಿ ಶಾಸನಸಭೆಗೆ ಹೋದುದನ್ನು ನೆನೆದಾಗ, ಅರ್ಜಿಗೇ ಎರಡು ಲಕ್ಷ ಎಂಬ ಮಾತು ಎಷ್ಟು ದೂರ ಬಂದಿದ್ದೇವೆಂಬುದನ್ನು ಹೇಳುತ್ತದೆ.

ಹೊರನಾಡುಗಳಲ್ಲಿ ಈ ಹಕ್ಕು ಹೊಸದಲ್ಲ. ಅಮೆರಿಕದ ವಿಸ್ಕಾನ್ಸಿನ್ ಸಂಸ್ಥಾನವು ಪಕ್ಷದ ಅಭ್ಯರ್ಥಿಯನ್ನು ಮತದಾರರೇ ಆರಿಸಬೇಕೆಂದು ೧೯೦೩ರಲ್ಲಿಯೇ ಕಾನೂನು ಮಾಡಿತು. ಇಂಗ್ಲೆಂಡಿನ ಟಾಟ್ನೆಸ್ ಎಂಬ ಕ್ಷೇತ್ರದಲ್ಲಿ ೨೦೦೯ರಲ್ಲಿ ಕನ್ಸರ್ವೇಟಿವ್ ಪಕ್ಷವು ಎಲ್ಲ ಮತದಾರರಿಗೂ ಅಂಚೆಯ ಮೂಲಕ ಮತಪತ್ರ ಕಳುಹಿಸಿತು. ಆಯ್ಕೆಯಾದವರು ಸಾರಾ ವೊಲಾಸ್ಟನ್ ಎಂಬ ಊರಿನ ವೈದ್ಯೆ. ಅವರು ೨೦೧೦ರಲ್ಲಿ ಪಾರ್ಲಿಮೆಂಟಿಗೆ ಹೋದರು. ೨೦೧೯ರಲ್ಲಿ ಆ ಪಕ್ಷವನ್ನೇ ಬಿಟ್ಟರು. ಜನರೇ ಆರಿಸಿದವರು ನಾಯಕರ ಅಂಕೆಯಲ್ಲಿ ಉಳಿಯುವುದಿಲ್ಲವೆಂಬ ಭಯಕ್ಕೆ ಆಧಾರ ಇಲ್ಲದಿಲ್ಲ. ಆದರೆ ಆ ಭಯ ನಾಯಕರದು. ಅದನ್ನು ಮತದಾರರಾದ ನಾವು ಏಕೆ ಹೊರಬೇಕು?

ಇದಕ್ಕೆ ಬರುವ ಆಕ್ಷೇಪಗಳು ಮೂರು. ಕಾರ್ಯಕರ್ತರು ಜಾತಿಯ ಮೇಲೆ ಒಡೆಯುತ್ತಾರೆಂಬುದು ಒಂದು. ಹಣವಂತನು ಅವರನ್ನು ಕೊಳ್ಳುತ್ತಾನೆಂಬುದು ಇನ್ನೊಂದು. ಅವರು ಆರಿಸಿದವನು ಸೋಲುತ್ತಾನೆಂಬುದು ಮೂರನೆಯದು. ಮೊದಲ ಎರಡು ದೋಷಗಳು ಸಾರ್ವತ್ರಿಕ ಚುನಾವಣೆಯಲ್ಲಿಯೂ ಇವೆ. ಹಾಗೆಂದು ಯಾರೂ ಅದನ್ನು ರದ್ದು ಮಾಡಿ ಎನ್ನುವುದಿಲ್ಲ. ಮೇಲಿನವರು ಟಿಕೆಟ್ಟು ಹಂಚುವಾಗಲೂ ಜಾತಿಯ ಲೆಕ್ಕ, ಹಣದ ಲೆಕ್ಕ ಎರಡೂ ನಡೆಯುತ್ತವೆ. ವ್ಯತ್ಯಾಸವೇನೆಂದರೆ ಅಲ್ಲಿ ಬಾಗಿಲು ಮುಚ್ಚಿರುತ್ತದೆ. ಮೂರನೆಯದು ಸೋಲಿನ ಮಾತು. ೨೦೧೪ರಲ್ಲಿ ಸದಸ್ಯರು ಆರಿಸಿದವರು ಸೋತರೆಂಬುದು ದಿಟ. ೨೦೨೩ರ ಶಿಕಾರಿಪುರದಲ್ಲಿ ಮೇಲಿನವರು ಆರಿಸಿದವರಿಗೆ ಮೂರನೆಯ ಸ್ಥಾನ ಬಂದುದೂ ಅಷ್ಟೇ ದಿಟ. ಸೋಲಿನ ಭಯದಿಂದ ಹಕ್ಕನ್ನು ಕಸಿಯುವುದಾದರೆ ಮೊದಲು ಕಸಿಯಬೇಕಾದುದು ವರಿಷ್ಠರ ಹಕ್ಕನ್ನು.

ಈ ವಿಷಯವು ಕೇವಲ ಕಾರ್ಯಕರ್ತರ ಮಾನಾಪಮಾನದ್ದಲ್ಲ. ೧೯೮೫ರಲ್ಲಿ ಸಂವಿಧಾನಕ್ಕೆ ಹತ್ತನೆಯ ಅನುಸೂಚಿ ಸೇರಿದ ಮೇಲೆ ಶಾಸಕನು ಸಭೆಯಲ್ಲಿ ಪಕ್ಷದ ಆಜ್ಞೆಗೆ ವಿರುದ್ಧವಾಗಿ ಮತ ಹಾಕಿದರೆ ಸದಸ್ಯತ್ವವನ್ನೇ ಕಳೆದುಕೊಳ್ಳುವ ಅಪಾಯವಿದೆ. ಪಕ್ಷಾಂತರದ ಪಿಡುಗಿಗೆ ಅದು ಅಗತ್ಯವಾದ ಮದ್ದೇ ಇರಬಹುದು. ಆದರೆ ಅದರ ಫಲವೇನು? ಒಳಗೆ ಹೋದ ಮೇಲೆ ಅವನು ಕ್ಷೇತ್ರದ ಮಾತಿಗಿಂತ ಪಕ್ಷದ ಮಾತನ್ನು ಮೊದಲು ಕೇಳಬೇಕು. ಹಾಗಾದರೆ ಕ್ಷೇತ್ರದ ಮಾತು ಅವನನ್ನು ತಟ್ಟಲು ಉಳಿದ ಕಾಲ ಯಾವುದು? ಅವನು ಉಮೇದುವಾರನಾಗಿ ನಿಂತಿರುವ ಆ ಕೆಲವೇ ದಿನಗಳು. ಅಷ್ಟರಲ್ಲಿ ಅವನನ್ನು ಕಂಡು, ಕೇಳಿ, ಒಪ್ಪುವ ಇಲ್ಲವೆ ತಿರಸ್ಕರಿಸುವ ಅಧಿಕಾರ ಸ್ಥಳೀಯರಿಗಿಲ್ಲದೆ ಹೋದರೆ ಅವನ ಋಣವೆಲ್ಲವೂ ಟಿಕೆಟ್ಟು ಕೊಟ್ಟವರಿಗೇ ಸೇರುತ್ತದೆ.

ಇನ್ನೊಂದು ನಷ್ಟವೂ ಉಂಟು. ಹೊಸಬರು ಜನರ ಕಣ್ಣಿಗೆ ಬೀಳುತ್ತಿದ್ದುದು ಸ್ಥಳೀಯ ಸಂಸ್ಥೆಗಳಲ್ಲಿ. ಅವಧಿಯು ೨೦೨೧ರಲ್ಲಿ ಮುಗಿದ ಜಿಲ್ಲಾ ಮತ್ತು ತಾಲ್ಲೂಕು ಪಂಚಾಯಿತಿಗಳಿಗೆ ಆಮೇಲೆ ವರ್ಷಗಟ್ಟಲೆ ಚುನಾವಣೆಯೇ ನಡೆಯಲಿಲ್ಲ. ಸಸಿಮಡಿ ಒಣಗಿದರೆ ನಾಟಿಗೆ ಸಸಿಯೆಲ್ಲಿಂದ ಬರಬೇಕು? ಆಗ ಜನಕ್ಕೆ ಪರಿಚಿತವಾದ ಹೆಸರೆಂದರೆ ತಂದೆಯ ಹೆಸರೊಂದೇ ಉಳಿಯುತ್ತದೆ. ನಾಯಕನ ಮಗನು ನಿಲ್ಲಬಾರದೆಂದು ಯಾರೂ ಹೇಳಲಾರರು. ಉಳಿದವರಂತೆ ಸಾಲಿನಲ್ಲಿ ನಿಂತು ಪ್ರಶ್ನೆಗೆ ಉತ್ತರ ಕೊಟ್ಟು ಬರಲಿ ಎಂಬುದಷ್ಟೇ ನ್ಯಾಯ.

ಹಾಗಾದರೆ ಮಾಡಬೇಕಾದುದೇನು? ದೊಡ್ಡ ಕಾನೂನಿಗೆ ಕಾಯಬೇಕಾಗಿಲ್ಲ. ಯಾವುದೇ ಪಕ್ಷವು ಒಂದು ತಾಲ್ಲೂಕಿನಲ್ಲಿ, ಎರಡು ಮೂರು ವರ್ಷಗಳಿಂದ ಪಟ್ಟಿಯಲ್ಲಿರುವ ತನ್ನ ಸದಸ್ಯರನ್ನು ಒಂದು ಭಾನುವಾರ ಸೇರಿಸಬಹುದು. ಉಮೇದುವಾರರೆಲ್ಲರನ್ನೂ ಒಂದೇ ವೇದಿಕೆಯ ಮೇಲೆ ಕೂರಿಸಿ, ಒಬ್ಬೊಬ್ಬರಿಗೂ ಸಮನಾದ ಕಾಲ ಕೊಟ್ಟು, ಸಭೆಯಿಂದ ಬರುವ ಪ್ರಶ್ನೆಗಳಿಗೆ ಉತ್ತರ ಹೇಳಿಸಬಹುದು. ಗುಪ್ತ ಮತ ಪಡೆದು, ಅಲ್ಲಿಯೇ ಎಣಿಸಿ, ಅಲ್ಲಿಯೇ ಸಾರಬಹುದು. ವರಿಷ್ಠರಿಗೆ ಆ ಹೆಸರು ಒಪ್ಪಿಗೆಯಾಗದಿದ್ದರೆ ತಿರಸ್ಕರಿಸಲಿ. ಆದರೆ ಕಾರಣವನ್ನು ಬರೆದು ತಿಳಿಸಲಿ. ಒಂದೇ ವೇದಿಕೆಯೆಂಬುದು ಮುಖ್ಯ. ಮನೆಬಾಗಿಲಿಗೆ ಒಬ್ಬೊಬ್ಬನೇ ಬಂದಾಗ ಎಲ್ಲರೂ ಒಳ್ಳೆಯವರೇ. ಎಲ್ಲರೂ ಮಜ್ಜಿಗೆ ಕುಡಿಯುತ್ತಾರೆ, ಮಗುವನ್ನು ಎತ್ತಿಕೊಳ್ಳುತ್ತಾರೆ. ಪಕ್ಕದಲ್ಲಿ ಪ್ರತಿಸ್ಪರ್ಧಿ ಕುಳಿತು ಕೇಳುತ್ತಿರುವಾಗಲೇ ಮಾತಿನ ತೂಕ ತಿಳಿಯುವುದು.

ಕೇಳಬೇಕಾದ ಪ್ರಶ್ನೆಗಳಿಗೆ ಬಡತನವಿಲ್ಲ. ಬಗರ್ ಹುಕುಂ ಸಾಗುವಳಿಯ ಅರ್ಜಿಗಳನ್ನು ವಿಚಾರಿಸುವ ಸಮಿತಿಗೆ ಶಾಸಕನೇ ಅಧ್ಯಕ್ಷ. ಈ ತಾಲ್ಲೂಕುಗಳಲ್ಲಿ ಅರಣ್ಯವೂ ಸಾಗುವಳಿಯೂ ಒಂದಕ್ಕೊಂದು ತಾಗಿಕೊಂಡಿರುವುದರಿಂದ ಅನೇಕ ಮನೆಗಳ ಬದುಕು ಆ ಒಂದು ಕುರ್ಚಿಯ ಮೇಲೆ ನಿಂತಿದೆ. ನಿನ್ನ ಪಕ್ಷಕ್ಕೆ ಮತ ಹಾಕದವನ ಅರ್ಜಿಯನ್ನು ಯಾವ ಕ್ರಮದಲ್ಲಿ ತೆಗೆದುಕೊಳ್ಳುವೆ ಎಂದು ಕೇಳಬೇಕು. ಉಡುಗಣಿ–ತಾಳಗುಂದ–ಹೊಸೂರು, ಮೂಡಿ, ಮೂಗೂರು ಏತ ನೀರಾವರಿಗಳ ಹೆಸರನ್ನು ಎಲ್ಲರೂ ಹೇಳುತ್ತಾರೆ; ಯಾವ ಕೆರೆಗೆ ಎಷ್ಟು ತಿಂಗಳು ನೀರು ನಿಲ್ಲುತ್ತದೆ, ವಿದ್ಯುತ್ತಿನ ವೆಚ್ಚ ಯಾರದು ಎಂದು ಕೇಳಬೇಕು. ಪಕ್ಷದ ತೀರ್ಮಾನವು ತಾಲ್ಲೂಕಿಗೆ ಹಾನಿಯಾಗುವಂತಿದ್ದರೆ ಒಳಗೆ ಕುಳಿತು ಯಾರೆದುರು ಹೇಳುವೆ ಎಂದು ಕೇಳಬೇಕು. ತಿಳಿಯದಿದ್ದುದನ್ನು ತಿಳಿಯದೆಂದು ಒಪ್ಪಿ, ವಿಚಾರಿಸಿ ಹೇಳುವೆನೆಂದವನಿಗೆ ಒಂದು ಅಂಕ ಹೆಚ್ಚು ಕೊಡಬೇಕು; ಎಲ್ಲಕ್ಕೂ ‘ಆಗಲಿ’ ಎಂದವನನ್ನು ಸಂಶಯದಿಂದ ನೋಡಬೇಕು.

ಈಸೂರು ಇದೇ ಶಿಕಾರಿಪುರ ತಾಲ್ಲೂಕಿನ ಗ್ರಾಮ. ೧೯೪೨ರಲ್ಲಿ ಆ ಊರಿನವರು ತಮ್ಮ ಹಳ್ಳಿ ಸ್ವತಂತ್ರವೆಂದು ಸಾರಿ, ಊರಿನ ಹುಡುಗರನ್ನೇ ಅಮಲ್ದಾರ, ಪೊಲೀಸ್ ಅಧಿಕಾರಿ ಎಂದು ನೇಮಿಸಿಕೊಂಡರು. ನಮ್ಮನ್ನು ಆಳುವವರ ಹೆಸರು ಬೇರೆ ಕಡೆಯಿಂದ ಬರಬಾರದು ಎಂಬುದು ಆ ಹುಡುಗಾಟಿಕೆಯಂತೆ ಕಾಣುವ ಕೆಲಸದ ಹಿಂದಿದ್ದ ಗಂಭೀರವಾದ ಮಾತು. ಅದರಿಂದ ಎದ್ದ ಘರ್ಷಣೆಯಲ್ಲಿ ಸರ್ಕಾರದ ಅಧಿಕಾರಿಗಳಿಬ್ಬರು ಸತ್ತರು. ೧೯೪೩ರ ಮಾರ್ಚಿಯಲ್ಲಿ ಊರಿನ ಐವರು ಗಲ್ಲಿಗೇರಿದರು. ಅಂತಹ ಬೆಲೆಯನ್ನು ಇಂದು ಯಾರೂ ಕೇಳುತ್ತಿಲ್ಲ. ಇಂದು ಬೇಕಾಗಿರುವುದು ಒಂದು ಭಾನುವಾರ, ಒಂದು ಸಭಾಭವನ, ಸದಸ್ಯರ ಒಂದು ಸರಿಯಾದ ಪಟ್ಟಿ ಮತ್ತು ಒಂದು ಮತಪೆಟ್ಟಿಗೆ. ಮುಂದಿನ ಚುನಾವಣೆಗೆ ಯಾವ ಪಕ್ಷವು ಇವನ್ನು ಮೊದಲು ಒದಗಿಸುತ್ತದೆಯೋ ಅದನ್ನು ಮತದಾರನು ನೆನಪಿನಲ್ಲಿಡಲಿ. ಒದಗಿಸದ ಪಕ್ಷಗಳ ಸದಸ್ಯರು ಮತ್ತೊಮ್ಮೆ ಬಾವುಟ ಹೊರುವ ಮೊದಲು ಅದನ್ನು ಕೇಳಲಿ.